ವಿಮಾನದ ಸುದ್ದಿಯೂ ಯಂತ್ರದ ಉತ್ತರವೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಸರ್ವರಿನ ವಿಷಯವಾಗಿ ಲೇಖನ ಬರೆಯಹೊರಟರೆ ಕೆಲವರಿಗೆ ನಗು ಬರಬಹುದು. ನನ್ನ ಐಚ್ಛಿಕ ವಿಷಯಗಳು ಇತಿಹಾಸ ಮತ್ತು ಅರ್ಥಶಾಸ್ತ್ರ. ಗಣಿತಕ್ಕೆ ಹತ್ತನೆಯ ತರಗತಿಯಲ್ಲಿಯೇ ಕೈಮುಗಿದು ಬಂದವನು ನಾನು. ಆದರೂ ಒಂದು ವರ್ಷದಿಂದ ಒಂದು ಚಿಕ್ಕ ಸರ್ವರನ್ನು ಸಾಕಿಕೊಂಡು ಬಂದಿದ್ದೇನೆ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದಾಗ ಅದು ವಿಮಾನಗಳ ಸುದ್ದಿಯನ್ನು ಹೇಳುತ್ತದೆ. ಅದನ್ನು ಕಟ್ಟುವಾಗ ಕಲಿತದ್ದು ಸ್ವಲ್ಪ. ಅದು ಒಂದು ದಿನ ಕೆಟ್ಟ ಉತ್ತರ ಕೊಟ್ಟಾಗ ಕಲಿತದ್ದು ಹೆಚ್ಚು. ಆ ಎರಡನ್ನೂ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕಾಗಿ ಪ್ರಾರ್ಥನೆ.

ಇದಕ್ಕೆಲ್ಲ ಕಾರಣ ನನ್ನ ಅಣ್ಣ. ಅವನು ದುಬೈಯಲ್ಲಿ ವಿದ್ಯುತ್ ಕೆಲಸದವನು. ಅವನು ಪಿ.ಯು.ಸಿ.ಗೆ ನಿಲ್ಲಿಸಿದ್ದರಿಂದಲೇ ನಾನು ಬಿ.ಎ.ವರೆಗೆ ಬಂದೆ, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಎರಡು ವರ್ಷಕ್ಕೊಮ್ಮೆ ಅವನು ಊರಿಗೆ ಬರುವಾಗ, ವಿಮಾನ ಅಲ್ಲಿ ಎದ್ದದ್ದರಿಂದ ಇಲ್ಲಿ ಬಜ್ಪೆಯಲ್ಲಿ ಇಳಿಯುವವರೆಗೆ ನಮ್ಮ ತಾಯಿಗೆ ಕುಳಿತಲ್ಲಿ ನಿಲ್ಲಲಾಗುವುದಿಲ್ಲ. ಅದಕ್ಕೆ ಕಾರಣವುಂಟು. 2010ನೆಯ ಇಸವಿ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನವೊಂದು ಬಜ್ಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕೆಳಗೆ ಬಿದ್ದು 158 ಮಂದಿ ತೀರಿಕೊಂಡರು; ಉಳಿದವರು ಎಂಟೇ ಮಂದಿ. ನಾನಾಗ ಬಾಲಕ. ಆದರೆ ನಮ್ಮ ಕಡೆಯ ತಾಯಂದಿರು ಆ ದಿನವನ್ನು ಮರೆತಿಲ್ಲ. ತಾಯಿಯ ಆ ಮೂರೂವರೆ ಗಂಟೆಗಳನ್ನು ಸ್ವಲ್ಪ ಹಗುರ ಮಾಡಬೇಕೆಂದು ನಾನು ಈ ಕೆಲಸಕ್ಕೆ ಕೈಹಾಕಿದೆನೇ ಹೊರತು ಯಂತ್ರಶಾಸ್ತ್ರದ ಮೋಹದಿಂದಲ್ಲ.

ವಿಮಾನವು ತಾನೆಲ್ಲಿದ್ದೇನೆಂದು ತಾನೇ ಹೇಳುತ್ತದೆ ಎಂಬುದನ್ನು ತಿಳಿದಾಗ ನನಗೆ ಬಹಳ ಆಶ್ಚರ್ಯವಾಯಿತು. ಇಂದಿನ ಪ್ರಯಾಣಿಕರ ಜೆಟ್ ವಿಮಾನಗಳಲ್ಲಿ ಎ.ಡಿ.ಎಸ್.-ಬಿ. ಎಂಬ ಏರ್ಪಾಡು ಇರುತ್ತದೆ. ವಿಮಾನವು ಉಪಗ್ರಹಗಳ ಸಹಾಯದಿಂದ ತನ್ನ ಅಕ್ಷಾಂಶ ರೇಖಾಂಶಗಳನ್ನು ತಿಳಿದುಕೊಂಡು, 1090 ಮೆಗಾಹರ್ಟ್ಸ್ ಆವರ್ತನದಲ್ಲಿ ಸುತ್ತಲೂ ಸಾರುತ್ತ ಹೋಗುತ್ತದೆ. ಸ್ಥಾನವನ್ನು ಸೆಕೆಂಡಿಗೆ ಸುಮಾರು ಎರಡು ಬಾರಿ, ವೇಗವನ್ನೂ ಹಾಗೆಯೇ, ತನ್ನ ಹೆಸರನ್ನು ಐದು ಸೆಕೆಂಡಿಗೊಮ್ಮೆ. ಒಂದೊಂದು ಸಾರೋಲೆಯೂ 112 ಬಿಟ್ಟುಗಳಷ್ಟು. ಮುನ್ನುಡಿಯ ಮಿಡಿತಗಳನ್ನೂ ಸೇರಿಸಿ ಅದು ಮುಗಿಯಲು ಸೆಕೆಂಡಿನ ಹತ್ತುಲಕ್ಷದಲ್ಲಿ 120 ಭಾಗ ಸಾಕು. ಪ್ರತಿಯೊಂದು ವಿಮಾನಕ್ಕೂ 24 ಬಿಟ್ಟುಗಳ ಒಂದು ಸ್ವಂತ ವಿಳಾಸವಿದೆ. ಹಳ್ಳಿಯಲ್ಲಿ ಡಂಗುರ ಹೊಡೆಯುವವನು ಯಾರು ಕೇಳಲಿ, ಬಿಡಲಿ, ಸಾರಿಕೊಂಡು ಹೋಗುವಂತೆ ಇದು. ಗುಟ್ಟಿನ ಲಿಪಿಯಿಲ್ಲ, ಕಿವಿಯಿದ್ದವರೆಲ್ಲ ಕೇಳಬಹುದು.

ಕಿವಿ ಎಂದರೆ ಒಂದು ಚಿಕ್ಕ ಗ್ರಾಹಕ ಯಂತ್ರ ಮತ್ತು ಗೇಣಿಗಿಂತ ಗಿಡ್ಡವಾದ ಆಂಟೆನಾ. ಈ ಅಲೆಯ ಉದ್ದವು 27 ಸೆಂಟಿಮೀಟರಿಗೆ ಚೂರು ಹೆಚ್ಚು. ಕಾಲುಭಾಗದ ಆಂಟೆನಾ ಸಾಕಾದ್ದರಿಂದ ಏಳು ಸೆಂಟಿಮೀಟರಿನೊಳಗಿನ ತಂತಿಯೇ ಕೆಲಸ ಮಾಡುತ್ತದೆ. ಜಗತ್ತಿನ ನಾನಾ ಕಡೆ ಸಾವಿರಾರು ಹವ್ಯಾಸಿಗಳೂ ವಿದ್ಯಾಸಂಸ್ಥೆಗಳೂ ಮಾಡಿನ ಮೇಲೆ ಇಂಥ ಕಿವಿಗಳನ್ನಿಟ್ಟು ಕೇಳಿದ್ದನ್ನು ಒಂದೆಡೆ ಸೇರಿಸುತ್ತಾರೆ. ಅಂಥ ಸಂಘಗಳಲ್ಲಿ ಸ್ವಿಟ್ಜರ್ಲೆಂಡಿನ ಓಪನ್‌ಸ್ಕೈ ನೆಟ್‌ವರ್ಕ್ ಒಂದು. ಅದು 2012ರಲ್ಲಿ ಸಂಶೋಧನೆಯ ಯೋಜನೆಯಾಗಿ ಮೊದಲಾಯಿತು. ಲಾಭವಿಲ್ಲದ ಉಪಯೋಗಕ್ಕೆ ತನ್ನ ಸುದ್ದಿಯನ್ನು ಪುಕ್ಕಟೆಯಾಗಿ ಕೊಡುತ್ತದೆ. ನನ್ನ ಸರ್ವರ್ ನೀರು ಸೇದುವುದು ಆ ಬಾವಿಯಿಂದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಅಲೆಗಳು ನೇರವಾಗಿ ಹೋಗುವಂಥವು. ಭೂಮಿಯು ದುಂಡಗಿರುವುದರಿಂದ ದಿಗಂತದ ಆಚೆಗಿನದು ಕೇಳಿಸುವುದಿಲ್ಲ. ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಹಾರುವ ವಿಮಾನದ ಧ್ವನಿಯು ನೆಲದ ಮೇಲಿನ ಕಿವಿಗೆ ಹೆಚ್ಚೆಂದರೆ ಸುಮಾರು 400 ಕಿಲೋಮೀಟರಿನವರೆಗೆ ಮುಟ್ಟೀತು. ದುಬೈಯಿಂದ ಮಂಗಳೂರಿಗೆ ಆಕಾಶದ ದಾರಿ ಸುಮಾರು 2,450 ಕಿಲೋಮೀಟರು. ಮೊದಲ ಭಾಗದಲ್ಲಿ ಅರಬ್ಬೀ ನೆಲದ ಕಿವಿಗಳಿವೆ, ಕೊನೆಯಲ್ಲಿ ನಮ್ಮ ಕರಾವಳಿಯವು. ನಡುವೆ ಬರಿಯ ಸಮುದ್ರ, ಸಾವಿರ ಕಿಲೋಮೀಟರಿನ ಆಸುಪಾಸು. ಅಲ್ಲಿ ವಿಮಾನವು ಸಾರುತ್ತಲೇ ಇರುತ್ತದೆ, ಕೇಳುವವರಿಲ್ಲ. 2019ರಿಂದ ಏರಿಯಾನ್ ಎಂಬ ಸಂಸ್ಥೆಯು ಇರಿಡಿಯಂ ಉಪಗ್ರಹಗಳ ಮೇಲಿನಿಂದ ಸಮುದ್ರದ ವಿಮಾನಗಳನ್ನೂ ಆಲಿಸುತ್ತಿದೆಯಾದರೂ, ಆ ಸುದ್ದಿ ನನ್ನಂಥವನಿಗೆ ಪುಕ್ಕಟೆ ಸಿಕ್ಕುವಂಥದಲ್ಲ. ಅಲ್ಲದೆ ಸಮುದ್ರದ ಮೇಲಿನ ಚಾಲಕರು ಹ್ರಸ್ವತರಂಗದ ರೇಡಿಯೋ ಮತ್ತು ಉಪಗ್ರಹದ ಮೂಲಕ ನಿಯಂತ್ರಣ ಕೇಂದ್ರದೊಡನೆ ಸಂಪರ್ಕದಲ್ಲಿಯೇ ಇರುತ್ತಾರೆ. ಮೌನವೇನಿದ್ದರೂ ನಮ್ಮ ಪಾಲಿಗೆ, ಅವರ ಪಾಲಿಗಲ್ಲ. ಇದನ್ನು ನಾನು ತಿಳಿದುಕೊಂಡದ್ದು ಮೊದಲೇ ಅಲ್ಲ, ಆಮೇಲೆ.

ಇನ್ನು ಯಂತ್ರದ ವಿಷಯ. ಇತ್ತೀಚೆಗೆ ನಾವೆಲ್ಲರೂ ಫೋನಿನಲ್ಲಿ ಪ್ರಶ್ನೆ ಕೇಳುವ ಭಾಷಾಮಾದರಿ, ಎಂದರೆ ಎ.ಐ., ಪುಸ್ತಕ ಓದಿ ಓದಿ ಪಂಡಿತನಾದವನಂತೆ. ಅದು ಓದನ್ನು ನಿಲ್ಲಿಸಿದ ದಿನಾಂಕ ಒಂದಿದೆ. ಈ ಗಳಿಗೆಯಲ್ಲಿ ಆಕಾಶದಲ್ಲಿ ಏನಾಗುತ್ತಿದೆಯೆಂದು ಅದಕ್ಕೆ ತಾನಾಗಿ ಗೊತ್ತಿರಲು ಸಾಧ್ಯವಿಲ್ಲ. ಆದುದರಿಂದ ಅದರ ಕೈಗೆ ಕೆಲವು ಟೂಲುಗಳನ್ನು ಕೊಡುತ್ತಾರೆ. ಟೂಲುಗಳನ್ನು ತಾನೇ ಆರಿಸಿ, ಬಳಸಿ, ಬಂದ ಫಲವನ್ನು ನೋಡಿ ಮುಂದಿನ ಹೆಜ್ಜೆ ಇಡುವ ಯಂತ್ರಕ್ಕೆ ಏಜೆಂಟ್ ಎಂದು ಹೆಸರು. ಟೂಲಿಗೂ ಏಜೆಂಟಿಗೂ ನಡುವೆ ಒಂದು ಒಪ್ಪಿದ ಭಾಷೆ ಬೇಡವೆ? ಅದಕ್ಕಾಗಿ ಆಂಥ್ರೊಪಿಕ್ ಸಂಸ್ಥೆಯವರು 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬುದನ್ನು ಪ್ರಕಟಿಸಿದರು. ಚಿಕ್ಕದಾಗಿ ಎಂ.ಸಿ.ಪಿ. ಎನ್ನುತ್ತಾರೆ.

ಅದರ ಸಂಭಾಷಣೆ ಬಲು ಸರಳ. ಮೊದಲು ಪರಸ್ಪರ ಪರಿಚಯ. ಅನಂತರ ಏಜೆಂಟಿನ ಕಡೆಯವರು, ನಿನ್ನಲ್ಲಿ ಯಾವ ಯಾವ ಟೂಲುಗಳಿವೆಯೆಂದು ಕೇಳುತ್ತಾರೆ. ಸರ್ವರು ಪಟ್ಟಿ ಕೊಡುತ್ತದೆ: ಟೂಲಿನ ಹೆಸರು, ಅದೇನು ಮಾಡುತ್ತದೆಂಬ ವಿವರಣೆ, ಅದಕ್ಕೆ ಕೊಡಬೇಕಾದ ಸಾಮಗ್ರಿ. ಬೇಕಾದಾಗ ಏಜೆಂಟು ಒಂದನ್ನು ಕರೆಯುತ್ತದೆ, ಉತ್ತರ ಬರುತ್ತದೆ. ಇದರಲ್ಲಿ ವಿವರಣೆ ಎಂಬುದು ಸಾದಾ ಮನುಷ್ಯಭಾಷೆಯ ನಾಲ್ಕು ಸಾಲು. ಏಜೆಂಟು ನನ್ನ ಪ್ರೋಗ್ರಾಮನ್ನು ಓದುವುದಿಲ್ಲ, ಆ ಸಾಲುಗಳನ್ನು ಮಾತ್ರ ಓದಿ ನಂಬುತ್ತದೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲು ನಾನು ಸರ್ವರನ್ನು ಹಾಸ್ಟೆಲಿನ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿಯೇ ಕೂಡಿಸಿದೆ. ಪೈಥಾನಿನಲ್ಲಿ ಇನ್ನೂರು ಸಾಲಿಗೂ ಕಡಿಮೆ. ಒಂದೇ ಗಣಕದಲ್ಲಿರುವಾಗ ಏಜೆಂಟೂ ಸರ್ವರೂ ಒಂದು ಕೊಳವೆಯಲ್ಲಿ ಮಾತಾಡಿದಂತೆ ಮಾತಾಡುತ್ತವೆ. ತಪ್ಪು ಹುಡುಕಲೆಂದು ನಾನು ನಡುವೆ ಒಂದು ಮುದ್ರಣದ ಆಜ್ಞೆಯನ್ನು ಹಾಕಿದ್ದೆ, ಆ ಅಕ್ಷರಗಳೂ ಅದೇ ಕೊಳವೆಯಲ್ಲಿ ಹರಿದು ಸಂಭಾಷಣೆಯೇ ಕೆಟ್ಟುಹೋಯಿತು. ಇಬ್ಬರು ಫೋನಿನಲ್ಲಿ ಮಾತಾಡುವಾಗ ಮೂರನೆಯವನು ಕೆಮ್ಮಿದಂತೆ. ಈ ಕೆಮ್ಮನ್ನು ಪತ್ತೆಮಾಡಲು ನನಗೆ ಒಂದು ಭಾನುವಾರ ಹಿಡಿಯಿತು.

ಆದರೆ ಲ್ಯಾಪ್‌ಟಾಪು ಹಾಸ್ಟೆಲಿನಲ್ಲಿ, ತಾಯಿ ಹಳ್ಳಿಯಲ್ಲಿ. ಮುಚ್ಚಿಟ್ಟ ಲ್ಯಾಪ್‌ಟಾಪು ಯಾರಿಗೂ ಉತ್ತರ ಕೊಡುವುದಿಲ್ಲ. ಆದುದರಿಂದ ಸರ್ವರನ್ನು ದೂರದ ಒಂದು ಬಾಡಿಗೆ ಗಣಕದಲ್ಲಿ ನೆಲೆಗೊಳಿಸಿ, ಅದಕ್ಕೊಂದು ವಿಳಾಸವಿತ್ತು, ಯಾವ ಊರಿನಿಂದಲಾದರೂ ಕೇಳುವಂತೆ ಮಾಡಬೇಕಾಯಿತು. 2025ರ ಮಾರ್ಚಿನಲ್ಲಿ ಪರಿಷ್ಕಾರವಾದ ನಿಯಮದಲ್ಲಿ ದೂರದ ಸರ್ವರಿಗೆಂದೇ ಒಂದು ಸುಲಭವಾದ ಸಾಗಣೆಯ ಕ್ರಮವಿದೆ. ಒಂದೇ ವಿಳಾಸ, ಸಾಧಾರಣ ವೆಬ್ ಪುಟಗಳು ಹೋಗಿಬರುವ ದಾರಿಯೇ. ನಾನು ಆರಿಸಿದ್ದು ಪುಕ್ಕಟೆ ನೆಲೆ. ಪುಕ್ಕಟೆ ನೆಲೆಗಳಲ್ಲಿ ಹಲವು, ಸ್ವಲ್ಪ ಹೊತ್ತು ಯಾರೂ ಕರೆಯದಿದ್ದರೆ ನಿದ್ದೆ ಹೋಗುತ್ತವೆ. ಮೊದಲು ಕರೆದವನು ಅದು ಎದ್ದು ಕಣ್ಣುಜ್ಜಿಕೊಳ್ಳುವವರೆಗೆ ಕಾಯಬೇಕು. ನಿದ್ದೆಯಲ್ಲಿ ಅದು ಹಿಂದಿನ ಮಾತುಕತೆಯ ನೆನಪನ್ನೆಲ್ಲ ಕಳೆದುಕೊಳ್ಳುತ್ತದೆ. ಆದ್ದರಿಂದ ಪ್ರತಿಯೊಂದು ಪ್ರಶ್ನೆಯನ್ನೂ ಹೊಸಬನ ಪ್ರಶ್ನೆಯೆಂದೇ ಎಣಿಸಿ ಉತ್ತರಿಸುವ ಹಾಗೆ ಅದನ್ನು ಬರೆದೆ.

ಹೀಗೆ ಸಿದ್ಧವಾದ ಸರ್ವರಿನ ವಿಳಾಸವನ್ನು ಮನೆಯ ಫೋನಿನಲ್ಲಿದ್ದ ಏಜೆಂಟಿಗೆ ಕೊಟ್ಟು, ಕೇಳುವ ಬಗೆಯನ್ನು ತಂಗಿಗೆ ಹೇಳಿಕೊಟ್ಟು, ದೊಡ್ಡ ಕೆಲಸ ಮಾಡಿದವನಂತೆ ಹಾಸ್ಟೆಲಿಗೆ ಮರಳಿದೆ.

2025ರ ಡಿಸೆಂಬರಿನ ಒಂದು ಶನಿವಾರ ಅಣ್ಣ ಹೊರಟ. ವಿಮಾನವು ನಮ್ಮ ಗಡಿಯಾರದ 2-20ಕ್ಕೆ ಅಲ್ಲಿ ಎದ್ದಿತು. 5-50ರ ಹೊತ್ತಿಗೆ ಇಲ್ಲಿ ಇಳಿಯಬೇಕು. 2-50ಕ್ಕೆ ತಂಗಿ ಕೇಳಿದಳು. ಏಜೆಂಟು ಎತ್ತರ, ವೇಗ, ದಿಕ್ಕು ಎಲ್ಲವನ್ನೂ ಚೆನ್ನಾದ ಕನ್ನಡದಲ್ಲಿ ಹೇಳಿತು. ತಾಯಿಗೆ ಆದ ಸಂತೋಷವನ್ನು ತಂಗಿ ಸಂದೇಶದಲ್ಲಿ ಬರೆದಿದ್ದಳು. ನಾನು ಹೆಮ್ಮೆಯಿಂದ ಪರೀಕ್ಷೆಯ ಕೊಠಡಿಗೆ ಹೋದೆ. ಫೋನನ್ನು ಹೊರಗೆ ಚೀಲದಲ್ಲಿಟ್ಟೆ.

4-10ಕ್ಕೆ ಅವಳು ಮತ್ತೊಮ್ಮೆ ಕೇಳಿದಳು. ಏಜೆಂಟು ಹೇಳಿದ್ದು ಇದು: ಆ ವಿಮಾನವು ಈಗ ಹಾರುತ್ತಿಲ್ಲ, ಅದರ ಯಾನವು ಮುಗಿದಿರಬೇಕು ಅಥವಾ ರದ್ದಾಗಿರಬೇಕು.

ಇಳಿಯುವುದಕ್ಕೆ ಇನ್ನೂ ಒಂದೂವರೆ ಗಂಟೆಗೂ ಮಿಕ್ಕಿ ಉಳಿದಿರುವಾಗ, ಸಮುದ್ರದ ನಡುವೆ, ಯಾನ ಮುಗಿದಿದೆ ಎಂದರೆ ತಾಯಿಯೊಬ್ಬಳು ಏನೆಂದು ತಿಳಿಯಬೇಕು? ತಂದೆ ಆಗಲೇ ನೆರೆಯವರ ಜೀಪಿನಲ್ಲಿ ಬಜ್ಪೆಗೆ ಹೊರಟಿದ್ದರು, ಅವರ ಫೋನು ಸಿಕ್ಕಲಿಲ್ಲ. ನನ್ನದು ಚೀಲದಲ್ಲಿ ಮಿಡಿಯುತ್ತಿತ್ತು. ತಂಗಿ ಹನ್ನೊಂದು ಬಾರಿ ಕರೆದಿದ್ದಳು. ಐದು ಗಂಟೆಗೆ ನಾನು ಹೊರಗೆ ಬಂದು ಮರಳಿ ಕರೆದಾಗ ಫೋನೆತ್ತಿದ್ದು ನೆರೆಮನೆಯಾಕೆ. ನಮ್ಮ ಮನೆಯಲ್ಲಿ ಆಗಲೇ ಜನ ಸೇರಿದ್ದರು.

ನಾನು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಸರ್ವರನ್ನು ಕೇಳಿದೆ. ವಿಮಾನವು ಕಾಣಿಸಿತು, ನಮ್ಮ ಕರಾವಳಿಯ ಕಿವಿಗಳ ಅಳವಿಗೆ ಬಂದು, ನೆಟ್ಟಗೆ ಮಂಗಳೂರ ಕಡೆಗೆ ಬರುತ್ತಿತ್ತು. ಅದನ್ನು ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಯಾರೂ ಏನೂ ಮಾತಾಡಲಿಲ್ಲ. ಅಣ್ಣ ಹತ್ತು ನಿಮಿಷ ತಡವಾಗಿ ಇಳಿದು ರಾತ್ರಿ ಮನೆ ಸೇರಿದ.

ಆ ರಾತ್ರಿ ನಾನು ಸರ್ವರಿನ ದಿನಚರಿಯನ್ನು ತೆಗೆದು ನೋಡಿದೆ. 4-10ರ ಪ್ರಶ್ನೆಗೆ ನನ್ನ ಸರ್ವರು ಕೊಟ್ಟಿದ್ದ ಉತ್ತರವು ಎರಡೇ ಗುರುತುಗಳು: ತೆರೆಯುವ ಒಂದು ಕಂಸ, ಮುಚ್ಚುವ ಒಂದು ಕಂಸ. ನಡುವೆ ಏನೂ ಇಲ್ಲ. ಪ್ರೋಗ್ರಾಮು ಬರೆಯುವವರ ಭಾಷೆಯಲ್ಲಿ ಬರಿದಾದ ಪಟ್ಟಿ ಎಂದು ಅದರ ಅರ್ಥ. ಆ ಬರಿಯ ಕಂಸಗಳಿಂದ ಏಜೆಂಟು ಒಂದು ಪೂರ್ಣ ವಾಕ್ಯವನ್ನು, ಕರ್ತೃ ಕರ್ಮ ಕ್ರಿಯಾಪದ ಸಹಿತ, ಹೆಣೆದುಬಿಟ್ಟಿತ್ತು.

ಏಜೆಂಟಿನ ಮೇಲೆ ಸಿಟ್ಟು ಬಂತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆಮೇಲೆ ನನ್ನ ಟೂಲಿನ ವಿವರಣೆಯನ್ನು ಓದಿಕೊಂಡೆ. ನಾನೇ ಬರೆದ ಸಾಲು: 'ಈ ಟೂಲು ಒಂದು ವಿಮಾನವು ಈಗ ಹಾರುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ.' ಹಾಗೆಂದು ನಾನು ಮಾತು ಕೊಟ್ಟಿದ್ದೆ, ಅದು ನಂಬಿತು. ಹಾರುತ್ತಿದೆಯೇ ಇಲ್ಲವೇ ಎಂದು ಹೇಳುವ ಟೂಲು ಬರಿದಾದ ಪಟ್ಟಿಯನ್ನು ಕೊಟ್ಟರೆ, ಹಾರುತ್ತಿಲ್ಲ ಎಂದಲ್ಲದೆ ಬೇರೇನು ಅರ್ಥ ಮಾಡಬೇಕು? ಸುಳ್ಳು ಹೇಳಿದವನು ನಾನು.

ಆ ಬರಿಯ ಕಂಸಕ್ಕೆ ಎಷ್ಟು ದಾರಿಗಳಿವೆಯೆಂದು ಮರುದಿನದಿಂದ ಹುಡುಕತೊಡಗಿದೆ. ನಾನೆಣಿಸಿದ್ದಕ್ಕಿಂತ ಹೆಚ್ಚು ಸಿಕ್ಕಿದವು.

ಸಮುದ್ರದ ಮೌನವನ್ನು ಆಗಲೇ ಹೇಳಿದ್ದೇನೆ. ಎರಡನೆಯದು ಹೆಸರಿನ ಗೊಂದಲ. ಟಿಕೆಟಿನ ಮೇಲಿನ ಹೆಸರೂ ಆಕಾಶದಲ್ಲಿ ಸಾರುವ ಹೆಸರೂ ಒಂದೇ ಅಲ್ಲ. ಟಿಕೆಟಿನಲ್ಲಿ ಎರಡಕ್ಷರದ ಗುರುತು, ರೇಡಿಯೋದಲ್ಲಿ ಮೂರಕ್ಷರದ್ದು: ಇಂಡಿಗೋ ವಿಮಾನಕ್ಕೆ ಟಿಕೆಟಿನಲ್ಲಿ 6ಇ ಎಂದಿದ್ದರೆ ಆಕಾಶದಲ್ಲಿ ಐಜಿಒ, ಏರ್ ಇಂಡಿಯಾಕ್ಕೆ ಇಲ್ಲಿ ಎಐ, ಅಲ್ಲಿ ಎಐಸಿ. ಕೆಲವೊಮ್ಮೆ ಮುಂದಿನ ಅಂಕಿಗಳೇ ಬೇರೆಯಾಗಿರುತ್ತವೆ. ಅಲ್ಲದೆ ಈ ಹೆಸರಿಗೆ ಎಂಟು ಅಕ್ಷರಗಳ ಜಾಗವಿದ್ದು, ಹೆಸರು ಚಿಕ್ಕದಾದರೆ ಉಳಿದದ್ದನ್ನು ಖಾಲಿ ಜಾಗದಿಂದ ತುಂಬಿರುತ್ತಾರೆ. ಕಣ್ಣಿಗೆ ಕಾಣದ ಆ ಖಾಲಿ ಜಾಗಗಳನ್ನು ಕತ್ತರಿಸದೆ ಹೋಲಿಸಿದರೆ, ಎದುರಿಗೇ ಇರುವ ವಿಮಾನವೂ 'ಇಲ್ಲ' ಎಂದಾಗುತ್ತದೆ.

ಮೂರನೆಯದು ಪಡಿತರದ ತೊಂದರೆ. ಓಪನ್‌ಸ್ಕೈಯವರು ಹೆಸರು ನೋಂದಾಯಿಸದವನಿಗೆ ದಿನಕ್ಕೆ 400, ನೋಂದಾಯಿಸಿದವನಿಗೆ 4,000 ಅಂಕಗಳ ಪಡಿ ಕೊಡುತ್ತಾರೆಂದು ಅವರ ನಿಯಮದಲ್ಲಿ ಓದಿದ್ದೆ. ಒಂದೊಂದು ಪ್ರಶ್ನೆಗೂ, ಕೇಳಿದ ಆಕಾಶದ ವಿಸ್ತಾರಕ್ಕೆ ತಕ್ಕಂತೆ, ಒಂದರಿಂದ ನಾಲ್ಕು ಅಂಕ ಖರ್ಚು. ಅಲ್ಲಿ ಹೆಸರು ಹೇಳಿ ವಿಮಾನವನ್ನು ಕೇಳುವಂತಿಲ್ಲ. ಒಂದು ಚೌಕದ ಆಕಾಶವನ್ನೆಲ್ಲ ತರಿಸಿ ಅದರಲ್ಲಿ ನಾವೇ ಹುಡುಕಿಕೊಳ್ಳಬೇಕು. ದುಬೈಯಿಂದ ಮಂಗಳೂರಿನವರೆಗಿನ ನನ್ನ ಚೌಕವು ಅಕ್ಷಾಂಶ 12ರಿಂದ 26, ರೇಖಾಂಶ 54ರಿಂದ 76. ಗುಣಿಸಿದರೆ 308 ಚದರ ಡಿಗ್ರಿ. ಅದಕ್ಕೆ ಮೂರಂಕ. ಎಂದರೆ 400 ಅಂಕಗಳು 133 ಪ್ರಶ್ನೆಗಳಿಗೆ ಮುಗಿಯುತ್ತವೆ. ನಾನು ಜಂಬದಿಂದ ಸರ್ವರಿನ ವಿಳಾಸವನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದೆನಷ್ಟೆ. ಒಂದು ದಿನ ಮಧ್ಯಾಹ್ನದೊಳಗೇ ಪಡಿ ಖಾಲಿ. ಆಗ ಓಪನ್‌ಸ್ಕೈ 429 ಎಂಬ ಸಂಖ್ಯೆಯನ್ನು ಕಳುಹಿಸುತ್ತದೆ. ಹೆಚ್ಚು ಕೇಳಿದೆ, ಇನ್ನು ಸಾಕು ಎಂದು ಅದರ ತಾತ್ಪರ್ಯ. ನನ್ನ ಪ್ರೋಗ್ರಾಮು ಆ ಸಂಖ್ಯೆಯನ್ನು ನುಂಗಿಕೊಂಡು, ಮರ್ಯಾದೆ ಉಳಿಸಿಕೊಳ್ಳುವವನಂತೆ, ಬರಿಯ ಕಂಸವನ್ನೇ ಕೊಟ್ಟಿತ್ತು.

ಇಷ್ಟಾದರೂ ಇವೆಲ್ಲಕ್ಕಿಂತ ಹಿರಿದಾದ ಸಂಗತಿ ಬೇರೆಯಿದೆ. ಈ ಮೂಲದಲ್ಲಿ ವೇಳಾಪಟ್ಟಿಯೇ ಇಲ್ಲ. ವಿಮಾನ ರದ್ದಾಯಿತೆ, ತಡವಾಯಿತೆ ಎಂಬ ಸುದ್ದಿ ಅದರಲ್ಲಿ ಎಂದೂ ಬರುವುದಿಲ್ಲ. ಕೇಳಿಸಿದ ಧ್ವನಿ ಮಾತ್ರ ಬರುತ್ತದೆ. ಆದ್ದರಿಂದ 'ಹಾರುತ್ತಿಲ್ಲ' ಎಂಬ ವಾಕ್ಯವನ್ನು ಹೇಳುವ ಯೋಗ್ಯತೆ ನನ್ನ ಸರ್ವರಿಗೆ ಯಾವ ಕಾಲಕ್ಕೂ ಇರಲಿಲ್ಲ.

ನಮ್ಮ ಇತಿಹಾಸದ ಅಧ್ಯಾಪಕರು ಎರಡನೆಯ ವರ್ಷದಲ್ಲಿ ಶಾಸನಗಳ ಪಾಠ ಮಾಡುತ್ತ, ಒಬ್ಬ ಅರಸನ ಶಾಸನ ಒಂದು ಊರಿನಲ್ಲಿ ಸಿಕ್ಕಿಲ್ಲವೆಂದ ಮಾತ್ರಕ್ಕೆ ಆ ಊರು ಅವನ ಆಳಿಕೆಯಲ್ಲಿರಲಿಲ್ಲ ಎಂದು ಬರೆಯಬಾರದೆಂದು ಹೇಳಿದ್ದರು. ಕಲ್ಲು ಒಡೆದಿರಬಹುದು, ಬಚ್ಚಲಿಗೆ ಹಾಸಿರಬಹುದು, ನಾವಿನ್ನೂ ಆ ಗದ್ದೆಯನ್ನು ನೋಡದೆ ಇರಬಹುದು. ಪರೀಕ್ಷೆಯಲ್ಲಿ ಅದಕ್ಕೆ ಐದಂಕದ ಉತ್ತರವನ್ನೂ ಬರೆದಿದ್ದೆ. ಸರ್ವರು ಕಟ್ಟುವಾಗ ಅದು ನೆನಪಿಗೆ ಬರಲಿಲ್ಲ.

ತಿದ್ದಿದ ಬಗೆಯನ್ನು ಹೇಳಿ ಮುಗಿಸುತ್ತೇನೆ. ಈಗ ನನ್ನ ಸರ್ವರು ಬರಿಯ ಕಂಸವನ್ನು ಯಾರಿಗೂ ಕೊಡುವುದಿಲ್ಲ. ಹೆಸರು ಗುರುತಿಗೆ ಸಿಕ್ಕದಿದ್ದರೆ ಹೆಸರು ಸಿಕ್ಕಲಿಲ್ಲ, ಟಿಕೆಟಿನ ಹೆಸರೋ ರೇಡಿಯೋ ಹೆಸರೋ ವಿಚಾರಿಸಿ ಎನ್ನುತ್ತದೆ. ಪಡಿ ಮುಗಿದಿದ್ದರೆ ನಾನು ಕೇಳಲಾರದೆ ಹೋದೆ ಎನ್ನುತ್ತದೆ, ಅದನ್ನು ದೋಷವೆಂದು ಗುರುತಿಸಿಯೇ ಕಳುಹಿಸುತ್ತದೆ, ಎಂ.ಸಿ.ಪಿ. ನಿಯಮದಲ್ಲಿ ಅದಕ್ಕೊಂದು ಗುರುತಿನ ಜಾಗವಿದೆ, ನಾನು ಅದನ್ನು ಮೊದಲು ಬಳಸಿರಲಿಲ್ಲ. ಕಂಡ ವಿಮಾನಗಳ ಕೊನೆಯ ಸ್ಥಾನವನ್ನು ಒಂದು ಚಿಕ್ಕ ಕಡತದಲ್ಲಿ ಬರೆದಿಡುತ್ತದೆ. ಆ ಕಡತವನ್ನು ನಿದ್ದೆ ಹೋಗದ ಬೇರೊಂದು ಕಡೆ ಇಟ್ಟಿದ್ದೇನೆ. ಹೀಗಾಗಿ, ಇಷ್ಟು ಗಂಟೆಗೆ ಇಂಥಲ್ಲಿ ಕೇಳಿಸಿತ್ತು, ಅನಂತರ ಇಷ್ಟು ನಿಮಿಷ ಮೌನ ಎಂದು ಹೇಳಲು ಅದಕ್ಕೆ ಸಾಧ್ಯವಾಗುತ್ತದೆ. ಗಂಟೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ: ಮೂಲದಲ್ಲಿ ಕಾಲವು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕದಲ್ಲಿ, ಗ್ರೀನಿಚ್ ಗಡಿಯಾರದಂತೆ ಇರುತ್ತದೆ. ಅದನ್ನು ಹಾಗೆಯೇ ಏಜೆಂಟಿನ ಕೈಗೆ ಕೊಟ್ಟು ಲೆಕ್ಕ ಮಾಡಿಕೊಳ್ಳೆಂದರೆ, ಐದೂವರೆ ಗಂಟೆಯನ್ನು ಕೂಡಿಸುವ ಬದಲು ಕಳೆದುಬಿಟ್ಟರೂ ಕಳೆಯಿತೇ. ಕೂಡುವುದನ್ನು ಸರ್ವರೇ ಮಾಡುತ್ತದೆ. ಎತ್ತರ ಮೀಟರಿನಲ್ಲಿ, ವೇಗ ಸೆಕೆಂಡಿಗೆ ಮೀಟರಿನಲ್ಲಿ ಬರುವುದನ್ನೂ ಜನ ಹೇಳುವ ಅಳತೆಗೆ ತಿರುಗಿಸುತ್ತದೆ.

ಹತ್ತು ಸೆಕೆಂಡಿನೊಳಗೆ ಯಾರೇ ಮತ್ತೆ ಕೇಳಿದರೂ ಹಿಂದಿನ ಉತ್ತರವನ್ನೇ, ಅದರ ವಯಸ್ಸನ್ನೂ ಹೇಳಿ, ಕೊಡುತ್ತದೆ. ಹೆಸರು ನೋಂದಾಯಿಸದೆ ಕೇಳುವವನಿಗೆ ಮೂಲವೇ ಹತ್ತು ಸೆಕೆಂಡಿಗಿಂತ ನಯವಾದ ಸುದ್ದಿಯನ್ನು ಕೊಡುವುದಿಲ್ಲವಾದ್ದರಿಂದ ಇದರಲ್ಲಿ ಹೆಚ್ಚಿನ ನಷ್ಟವಿಲ್ಲ. ಈಗ ನಾನು ಹೆಸರು ನೋಂದಾಯಿಸಿಕೊಂಡಿದ್ದೇನೆ. ಅದರ ಗುಪ್ತಪದವನ್ನು ಪ್ರೋಗ್ರಾಮಿನಲ್ಲಿ ಬರೆಯದೆ ಬೇರೆ ಇಟ್ಟಿದ್ದೇನೆ. ತರಗತಿಯ ಗುಂಪಿನವರಿಗೆ ಬೇರೆ ವಿಳಾಸ, ಅದಕ್ಕೊಂದು ಮಿತಿ. ಮನೆಯವರ ಪಾಲು ಮನೆಯವರಿಗೆ. ಮಿತ್ರರು ಇದನ್ನು ಜಿಪುಣತನವೆಂದು ತಿಳಿಯಬಾರದು.

ಕಡೆಯಲ್ಲಿ ಆ ವಿವರಣೆ. ಹಳೆಯ ಒಂದು ಸಾಲನ್ನು ಹೊಡೆದುಹಾಕಿ ನಾಲ್ಕು ಸಾಲು ಬರೆದೆ. ಪ್ರೋಗ್ರಾಮಿಗಿಂತ ಹೆಚ್ಚು ಹೊತ್ತು ಹಿಡಿದದ್ದು ಅದಕ್ಕೇ. ಈ ಟೂಲು, ನೆಲದ ಮೇಲಿನ ಗ್ರಾಹಕಗಳಿಗೆ ಒಂದು ವಿಮಾನದ ಧ್ವನಿ ಇತ್ತೀಚೆಗೆ ಕೇಳಿಸಿದೆಯೇ ಎಂಬುದನ್ನು ಮಾತ್ರ ತಿಳಿಸುತ್ತದೆ. ಸಮುದ್ರದ ಮೇಲೆ ಬಹಳ ಹೊತ್ತು ಕೇಳಿಸದಿರುವುದು ಸಾಮಾನ್ಯ. ಕೇಳಿಸದಿದ್ದರೆ ಇಳಿಯಿತು, ರದ್ದಾಯಿತು, ಅಪಾಯವಾಯಿತು ಎಂದು ಊಹಿಸಬೇಡ. ಕೊನೆಗೆ ಕೇಳಿಸಿದ ಗಂಟೆಯನ್ನು ಹೇಳು, ರದ್ದು ಅಥವಾ ವಿಳಂಬದ ವಿಷಯಕ್ಕೆ ವಿಮಾನ ನಿಲ್ದಾಣವನ್ನೇ ಕೇಳಬೇಕೆಂದು ಹೇಳು. ಅನಂತರ ಹಳೆಯ ದಿನಚರಿಯಿಂದ 4-10ರ ಪ್ರಶ್ನೆಯನ್ನೇ ತೆಗೆದು ಹತ್ತು ಬಾರಿ ಬೇರೆ ಬೇರೆ ಮಾತುಗಳಲ್ಲಿ ಕೇಳಿಸಿದೆ. ಒಂಬತ್ತು ಬಾರಿ ಉತ್ತರ ಸರಿಯಾಗಿತ್ತು. ಒಂದು ಬಾರಿ 'ಪ್ರಾಯಶಃ ಇಳಿದಿದೆ' ಎಂದಿತು. ಆದುದರಿಂದ ಎಚ್ಚರಿಕೆಯನ್ನು ವಿವರಣೆಯಲ್ಲಿ ಮಾತ್ರವಲ್ಲದೆ ಪ್ರತಿಯೊಂದು ಉತ್ತರದ ಒಳಗೂ ಸೇರಿಸಿದೆ. ದೂರದ ವಿವರಣೆಗಿಂತ ಕೈಯಲ್ಲಿರುವ ಉತ್ತರವನ್ನು ಅದು ಹೆಚ್ಚು ಗಮನವಿಟ್ಟು ಓದುತ್ತದೆಂದು ನನಗೆ ತೋರಿದೆ. ಇದು ನನ್ನ ಅನುಭವ ಮಾತ್ರ, ಶಾಸ್ತ್ರವಲ್ಲ.

2026ರ ಜನವರಿಯಲ್ಲಿ ಅಣ್ಣ ಮರಳಿ ಹೊರಟ. ಆ ದಿನ ನಾನು ಮನೆಯಲ್ಲಿದ್ದೆ. ವಿಮಾನ ಎದ್ದು ಒಂದೂವರೆ ಗಂಟೆಯಾದ ಮೇಲೆ ತಾಯಿ, ಬೀಡಿಯ ಎಲೆ ಕತ್ತರಿಸುತ್ತಿದ್ದವರು, ಕೇಳೆಂದು ತಂಗಿಗೆ ಕಣ್ಸನ್ನೆ ಮಾಡಿದರು. ಮೊದಲ ಕರೆಗೆ ಉತ್ತರ ಬರಲಿಲ್ಲ, ಸರ್ವರು ನಿದ್ದೆಯಲ್ಲಿತ್ತು. ಅದನ್ನು ಬಲ್ಲ ತಂಗಿ ಸ್ವಲ್ಪ ತಡೆದು ಎರಡನೆಯ ಬಾರಿ ಕೇಳಿದಳು. ಐವತ್ತೆರಡು ನಿಮಿಷಗಳ ಹಿಂದೆ ಕರಾವಳಿಯಿಂದ ಪಶ್ಚಿಮಕ್ಕೆ ಹೋಗುತ್ತಿದ್ದುದು ಕೇಳಿಸಿತ್ತು, ಆಮೇಲೆ ಕೇಳಿಸಿಲ್ಲ, ಸಮುದ್ರದ ಆ ಭಾಗದಲ್ಲಿ ಕೇಳಿಸದಿರುವುದು ವಾಡಿಕೆ, ಹಾರಾಟದ ಬಗ್ಗೆ ಇದಕ್ಕಿಂತ ಹೆಚ್ಚಿಗೆ ಹೇಳಲು ನನ್ನಲ್ಲಿ ಆಧಾರವಿಲ್ಲ ಎಂದು ಏಜೆಂಟು ಹೇಳಿತು.

'ಅಂದರೆ ಸಮುದ್ರದ ಮೇಲಿದ್ದಾನೆ' ಎಂದು ತಾಯಿ ನನ್ನ ಮುಖ ನೋಡಿದರು. ಹಾಗೆಂದೂ ಅದು ಹೇಳಲಿಲ್ಲ ಎಂದು ತಿದ್ದಲು ಹೊರಟವನು ಸುಮ್ಮನಾದೆ. ಅವರು ಇನ್ನೊಂದು ಎಲೆ ತೆಗೆದುಕೊಂಡರು.